ಗೀರು

ನನ್ನ ಮಗನದು ಔಷಧಿ ಕಂಪನಿಯ ಕೆಲಸ. ಬೆಳಗಾದರೆ ಬೀದರಿನಿಂದ ಭಾಲ್ಕಿಗೆ, ಇಲ್ಲವೆ ಔರಾದಿಗೆ. ಯಾವ ಕಡೆ ಹೊರಟರೂ ಬೈಕಿನ ಮೇಲೆ 40 ಕಿಲೋಮೀಟರ್ ಆಸುಪಾಸು. ನಮ್ಮ ಬೀದರಿನ ಡಿಸೆಂಬರ್ ಚಳಿ ಕೇಳಬೇಕೆ? ವೇಗ ಎರಡು ಪಟ್ಟಾದರೆ ಎದುರುಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆಂದು ನಮ್ಮ ಶಾಲೆಯ ವಿಜ್ಞಾನದ ಮಾಸ್ತರರು ಹೇಳಿದ ಮೇಲಂತೂ ಅವನ ಕೆಮ್ಮು ನನಗೆ ಇನ್ನೂ ಜೋರಾಗಿ ಕೇಳಿಸತೊಡಗಿತು.

ಹೊಸ ಫೇರಿಂಗ್, ಅಂದರೆ ಗಾಳಿ ತಡೆಯುವ ಮುಂದಿನ ಹೊದಿಕೆ, ನಮ್ಮ ಕೈಗೆ ನಿಲುಕುವಂತಿರಲಿಲ್ಲ. ಭಾಲ್ಕಿಯ ಗ್ಯಾರೇಜೊಂದರಲ್ಲಿ ಹಳೆಯದು 1,500 ರೂಪಾಯಿಗೆ ಸಿಕ್ಕಿತು. ಶಾಲೆಗೆ ರಜೆ, ನಾನೂ ಹೋದೆ. ಅದರ ಎಡಮಗ್ಗುಲಿಗೆ ಗೇಣುದ್ದದ ಗೀರು. ರಸ್ತೆಗೆ ಉಜ್ಜಿದ್ದು.

"ಬಿದ್ದ ಹುಡುಗ ಹ್ಯಾಂಗದಾನಪ್ಪಾ?" ಅಂದೆ.

"ಗೊತ್ತಿಲ್ರಿ ಅಕ್ಕೋರೆ, ಗುಜರಿಯಿಂದ ತಂದೀವಿ."

ಬೇಡವೆನ್ನೋಣವೆಂದರೆ ಮಗ ರೊಕ್ಕ ಕೊಟ್ಟಾಗಿತ್ತು.

ತೂತುಗಳು ಕೂಡಲಿಲ್ಲ. ಮೆಕ್ಯಾನಿಕ್ ಕಬ್ಬಿಣದ ಪಟ್ಟಿ ಬಗ್ಗಿಸಿ ಹೊಸ ತೂತು ಕೊರೆದ. ಅದುರಬಾರದೆಂದು ಬೋಲ್ಟುಗಳಿಗೆ ಸೈಕಲ್ ಟ್ಯೂಬಿನ ತುಂಡು ಕೊಟ್ಟ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಕ್ಲಚ್ ವೈರು, ಬ್ರೇಕು ಎಲ್ಲಿಯೂ ಸಿಕ್ಕುವುದಿಲ್ಲವೆಂದು ತೋರಿಸುವ ತನಕ ನಾನು ಬಿಡಲಿಲ್ಲ.

"ಗೀರಿಗೆ ಬಣ್ಣ ಹೊಡೀಲೇನ್ರಿ? ಮುನ್ನೂರು ಆಗ್ತದ."

ಮಗ ಹೂಂ ಅನ್ನುವಷ್ಟರಲ್ಲಿ ಬೇಡವೆಂದೆ. ಜಿಪುಣಿಯೆಂದು ಇಬ್ಬರೂ ನಕ್ಕರು. ನಗಲಿ. ಗಾಡಿ ಹತ್ತುವಾಗಲೆಲ್ಲ ಅದು ಅವನ ಕಣ್ಣಿಗೆ ಬೀಳಲಿ, ಅಷ್ಟೇ.

ಬೀದರಿಗೆ ಮರಳುವಾಗ ಹಿಂದೆ ಕುಳಿತು ಮುಳ್ಳನ್ನೇ ನೋಡಿದೆ. ಐವತ್ತು ದಾಟಲಿಲ್ಲ. ನಾನಿದ್ದೆನೆಂದೋ, ಗೀರಿತ್ತೆಂದೋ, ಕೇಳಲಿಲ್ಲ.