ಹೆಸರಿಲ್ಲದ ಮಾತ್ರೆಗಳು

ನನ್ನಜ್ಜಿ ಈಗ ಮೈಸೂರಿನ ಒಂದು ನರ್ಸಿಂಗ್ ಹೋಮಿನಲ್ಲಿದ್ದಾಳೆ. ವಯಸ್ಸಾದವರನ್ನಷ್ಟೇ ನೋಡಿಕೊಳ್ಳುವ ಜಾಗ. ಊಟ, ಸ್ನಾನ ಎಲ್ಲ ಅಚ್ಚುಕಟ್ಟು. ಸಿಸ್ಟರ್‌ಗಳೂ ಒಳ್ಳೆಯವರು. ಆದ್ರೆ ಮಾತ್ರೆ ಇಡೋ ಟ್ರಾಲಿ ನೋಡಿ ಯಾಕೋ ಹೊಟ್ಟೆಯೊಳಗೆ ತಳಮಳ ಶುರುವಾಯ್ತು. ಬೆಡ್ ನಂಬರ್ ಬರೆದ ಪ್ಲಾಸ್ಟಿಕ್ ಬಟ್ಟಲುಗಳು, ಅದರಲ್ಲಿ ಕತ್ತರಿಸಿದ ಸ್ಟ್ರಿಪ್ ತುಂಡುಗಳು. ಒಂದರಲ್ಲಿ ಅರ್ಧ ಹೆಸರಿದೆ, ಇನ್ನೊಂದರಲ್ಲಿ ಎಕ್ಸ್‌ಪೈರಿ ಡೇಟೇ ಇಲ್ಲ.

"ಇದ್ಯಾವುದು ಸಿಸ್ಟರ್?"

"ಹಳದಿದಾ? ಅದು ಮಂಡಿನೋವಿಂದು ಸರ್."

ಅಜ್ಜಿಗೆ ಸಂಧಿವಾತ. ಅದಕ್ಕೆ ಮೆಥೋಟ್ರೆಕ್ಸೇಟ್ ಕೊಡ್ತಾರೆ, ವಾರಕ್ಕೆ ಒಂದೇ ದಿನ. ಅದರ ಅಡ್ಡಪರಿಣಾಮ ತಗ್ಗಿಸೋಕೆ ಬೇರೆ ದಿನ ಫೋಲಿಕ್ ಆಸಿಡ್. ತಮಾಷೆ ಅಂದ್ರೆ ಎರಡೂ ಹಳದಿ ಬಣ್ಣದಲ್ಲಿ ಬರೋದುಂಟು! ಅದಲು ಬದಲಾಗಿ ಮೆಥೋಟ್ರೆಕ್ಸೇಟ್ ದಿನಾ ಹೊಟ್ಟೆಗೆ ಹೋದ್ರೆ ರಕ್ತಕಣಗಳು ಕುಸಿದು ಜೀವಕ್ಕೇ ಕುತ್ತು. ಹಾಗಾದ ಪ್ರಕರಣಗಳು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿವೆ.

ಮನೆಯಲ್ಲಿದ್ದಾಗ ಇದೆಲ್ಲ ಅಮ್ಮನ ತಲೆಯಲ್ಲಿರುತ್ತಿತ್ತು, ಲೇಬಲ್ ಬೇಕಿರಲಿಲ್ಲ. ಇಲ್ಲಿ ಶಿಫ್ಟ್ ಮುಗಿದ ತಕ್ಷಣ ಸಿಸ್ಟರ್ ಜೊತೆ ಅವರ ನೆನಪೂ ಬಸ್ ಹತ್ತಿ ಹೋಗುತ್ತೆ. ರಾತ್ರಿಯ ಹೊಸಬರಿಗೆ ಉಳಿಯೋದು ಬರೆದಿಟ್ಟಿದ್ದು ಮಾತ್ರ. ಅಜ್ಜಿಗೋ ಕಣ್ಣು ಮಂಜು, ಕೈಗೆ ಕೊಟ್ಟಿದ್ದನ್ನ ನುಂಗ್ತಾಳೆ.

2023ರ ಆಗಸ್ಟ್ 1ರಿಂದ ನಮ್ಮ ದೇಶದಲ್ಲಿ 300 ಬ್ರಾಂಡುಗಳ ಔಷಧಿಗೆ ಕ್ಯೂಆರ್ ಕೋಡ್ ಕಡ್ಡಾಯ. ಒಳ್ಳೇದೇ. ಆದ್ರೆ ಡಬ್ಬಿ ಕಸಕ್ಕೆ ಹೋಗಿ, ಸ್ಟ್ರಿಪ್‌ಗೆ ಕತ್ತರಿ ಬಿದ್ದ ಮೇಲೆ ಯಾವ ಕೋಡ್ ಇದ್ದು ಏನು ಪ್ರಯೋಜನ?

ಅಲ್ಲಿನ ಮೇಲ್ವಿಚಾರಕರ ಹತ್ತಿರ ಕೂತು ಮಾತಾಡಿದೆ. ಈಗ ಅಜ್ಜಿಯ ಔಷಧಿಗೆ ಬೇರೆ ಡಬ್ಬಿ. ಸ್ಟ್ರಿಪ್ ಕತ್ತರಿಸೋ ಹಾಗಿಲ್ಲ. ಹೆಸರು, ಪ್ರಮಾಣ, ಹೊತ್ತು ಎಲ್ಲ ಕನ್ನಡದಲ್ಲಿ. ಮೆಥೋಟ್ರೆಕ್ಸೇಟ್ ಬೇರೆ ಕವರಿನಲ್ಲಿ, ಮೇಲೆ ಕೆಂಪಕ್ಷರದಲ್ಲಿ "ಭಾನುವಾರ ಮಾತ್ರ". ಪಕ್ಕದ ಬೆಡ್ಡಿನವರ ಇನ್ಸುಲಿನ್ ಫ್ರೀಜರಿಗೆ ತಾಗಿಕೊಂಡಿತ್ತು, ಅದನ್ನೂ ಕೆಳಗಿಳಿಸಿದ್ರು. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು, ಹೆಪ್ಪುಗಟ್ಟಿದ್ರೆ ಎಸೆಯಬೇಕು.

ಖರ್ಚಾಗಿದ್ದು ಒಂದು ಮಾರ್ಕರ್ ಪೆನ್ನು, ಅರ್ಧ ಗಂಟೆ.

ನಿಮ್ಮನೆ ಹಿರಿಯರೂ ಇಂಥ ಕಡೆ ಇದ್ರೆ, ಮುಂದಿನ ಸಲ ಹಣ್ಣು ತಗೊಂಡು ಹೋದಾಗ ಮಾತ್ರೆ ಡಬ್ಬಿಯನ್ನೂ ಒಮ್ಮೆ ತೆರೆಸಿ ನೋಡಿ. ಬಣ್ಣ ಹೇಳಿದ್ರೆ ಒಪ್ಪಬೇಡಿ, ಹೆಸರು ಕೇಳಿ.