ದುಭಾಷಿಯ ಎಡವು
ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ ಆಡುವ ಸಂಸಾರಗಳು ಕಾರವಾರದಲ್ಲಿ ಅನೇಕ. ಗಣಕಯಂತ್ರದೊಳಗೂ ಇಂಥವೇ ಎರಡು ಭಾಷೆಗಳುಂಟು. ಕ್ರಮವಿಧಿಯು ಕುಟುಂಬವೊಂದನ್ನು ಮನೆ, ಮಕ್ಕಳು, ಮರಗಳ ಸಹಿತ ಒಂದೇ ವಸ್ತುವಾಗಿ ಕಾಣುತ್ತದೆ. 1970ರಲ್ಲಿ ಕಾಡ್ ಎಂಬ ಪಂಡಿತನು ಸೂಚಿಸಿದ ಪದ್ಧತಿಯ ದತ್ತಸಂಚಯವಾದರೋ ಅದನ್ನೇ ಕೋಷ್ಟಕಗಳ ಸಾಲುಗಳಲ್ಲಿ ಹಂಚಿಡುತ್ತದೆ. ಇವೆರಡರ ನಡುವಿನ ದುಭಾಷಿಗೆ ಓಆರ್‌ಎಂ ಎಂದು ಹೆಸರು.

ದುಭಾಷಿ ಎಡವುವ ಬಗೆ ಮುಖ್ಯವಾಗಿ ಎರಡು. ಅಂಕೋಲೆಯ ಪೇಟೆಯಿಂದ ನೂರು ಕರಿ ಇಶಾಡ ಮಾವಿನಹಣ್ಣು ತರಲು ಹುಡುಗನು ನೂರು ಸಲ ನಡೆದಾನೆಯೆ? ಓಆರ್‌ಎಂ ನಡೆಯುತ್ತದೆ! ನೂರು ಪಹಣಿಗಳನ್ನು ಒಂದೇ ಪ್ರಶ್ನೆಯಲ್ಲಿ ತಂದು, ಒಡೆಯರ ಹೆಸರಿಗಾಗಿ ಮತ್ತೆ ನೂರು ಪ್ರಶ್ನೆ ಕೇಳುತ್ತದೆ. ಎರಡು ಕೋಷ್ಟಕಗಳನ್ನೂ ಜೋಡಿಸಿ ತರಹೇಳಿದರೆ ಒಂದೇ ಸಾಕು.

ಎರಡನೆಯದು ಘೋರವಾದುದು. ಒಂದು ಸರ್ವೆ ನಂಬರಿಗೆ ಮೂವರು ಸೋದರರು ಒಡೆಯರಿದ್ದಾಗ, ನಕ್ಷೆಯಲ್ಲಿ ಒಡೆಯನೊಬ್ಬನೇ ಎಂದು ಬರೆದಿದ್ದರೆ, ಕೆಲವು ಓಆರ್‌ಎಂಗಳು ತಪ್ಪೆಂದು ಕೂಗಿ ನಿಲ್ಲುತ್ತವೆ. ಕೆಲವು ಎಚ್ಚರಿಕೆಯ ಸಾಲೊಂದನ್ನು ಗೊಣಗಿ ಮೊದಲ ಹೆಸರನ್ನಷ್ಟೇ ಕೊಡುತ್ತವೆ. ಕೂಗುವುದೇ ಲೇಸು. ಗೊಣಗಿದ್ದನ್ನು ಯಾರೂ ಓದದಿದ್ದರೆ, ಕಿರಿಯ ಸೋದರನು ಸಾಲಕ್ಕೆಂದು ಬ್ಯಾಂಕಿಗೆ ಹೋದ ದಿನವೇ ಅದು ಬಯಲಾಗುವುದು.

ಪರಿಹಾರ ಹಳೆಯದೇ: ದುಭಾಷಿಯ ಮಾತನ್ನು ಕಣ್ಮುಚ್ಚಿ ನಂಬದೆ, ಆತ ಕೋಷ್ಟಕಕ್ಕೆ ಕೇಳಿದ ಮೂಲ ಪ್ರಶ್ನೆಯನ್ನೇ ತೆರೆದು ಓದುವುದು. ಅಲ್ಲಿ ಬಿಟ್ಟುಹೋದ ಹೆಸರು ಹೊಲದ ಮೇಲಿನ ಒಬ್ಬನ ಹಕ್ಕು.