ರವಿವಾರದ ಚಿಣಿಫಣಿ

ವಾಚಕರು ನಗಬಾರದು. ತಲೆ ನರೆತ ನಾವು ಪ್ರತಿ ರವಿವಾರ ಮುಂಜಾನೆ ಬೆಟಗೇರಿಯ ಹೊರಗಿನ ಬಯಲೊಂದರಲ್ಲಿ ಚಿಣಿಫಣಿಯನ್ನಾಡುತ್ತಿರುವೆವು. ಲಕ್ಷ್ಮೇಶ್ವರದಿಂದ ಒಬ್ಬರು, ಶಿರಹಟ್ಟಿಯಿಂದ ಇಬ್ಬರು, ಮುಂಡರಗಿಯಿಂದ ಒಬ್ಬರು ಮೊದಲ ಬಸ್ಸಿಗೆ ಬಂದಿಳಿಯುವರು. ಗದಗ-ಬೆಟಗೇರಿಯ ನಾಲ್ವರು ಕೂಡಿದರೆ ಎರಡು ಪಕ್ಷಗಳಾಗುವುವು.

"ಈ ವಯಸ್ಸಿನಲ್ಲಿ ಇದೆಂತಹ ಹುಡುಗಾಟ?" ಎಂದು ಮನೆಯಲ್ಲಿ ಕೇಳಿದಾಗ ನಾವು ಮಹಾಭಾರತವನ್ನು ಅಡ್ಡ ಹಿಡಿದೆವು. ಆದಿಪರ್ವದಲ್ಲಿ ಕುರುಕುಮಾರರು ಆಡುತ್ತಿದ್ದ 'ವೀಟಾ' ಬಾವಿಗೆ ಬೀಳಲು, ದ್ರೋಣರು ಹುಲ್ಲುಕಡ್ಡಿಗಳನ್ನು ಒಂದಕ್ಕೊಂದು ನಾಟಿಸಿ ಅದನ್ನು ಮೇಲೆತ್ತಿದರಷ್ಟೆ. ಅದು ಚೆಂಡೆಂದು ಹೇಳುವವರುಂಟು. ಆದರೆ ವ್ಯಾಖ್ಯಾನಕಾರನಾದ ನೀಲಕಂಠನು, ಅದು ಜವೆಗೋದಿಯ ಆಕಾರದ ಚೋಟುದ್ದ ಕಟ್ಟಿಗೆಯೆಂದೂ ಹುಡುಗರು ಅದನ್ನು ಕೋಲಿನಿಂದ ಚಿಮ್ಮಿಸುವರೆಂದೂ ಅರ್ಥ ಬರೆದಿರುವನು. ಅದು ಚಿಣಿಯಲ್ಲದೆ ಮತ್ತೇನು? ಕುಮಾರವ್ಯಾಸನು ವೀರನಾರಾಯಣನ ಗುಡಿಯಲ್ಲಿ ಕುಳಿತು ಭಾರತವನ್ನು ರಚಿಸಿದನೆಂಬ ಪ್ರತೀತಿಯುಳ್ಳ ಊರಿನವರಿಗೆ ಇಷ್ಟು ಪ್ರಮಾಣ ಸಾಲದೆ? ಮನೆಯವರಿಗೆ ಸಾಲಲಿಲ್ಲವೆಂಬುದು ಬೇರೆ ಮಾತು.

ನಿಯಮಗಳನ್ನು ಬರೆಯುವ ಕೆಲಸವು ನಮ್ಮ ಪಾಲಿಗೆ ಬಂದಿತು. ಆಯುಷ್ಯವೆಲ್ಲ ವ್ಯಾಕರಣ ಕಲಿಸಿದವರ ಕೈಗೆ ಇಂತಹ ಕೆಲಸವನ್ನು ಕೊಡಬಾರದು. ಸ್ಕಾಟ್ಲಂಡಿನ ಲೀಥ್ ಊರಿನ ಗೋಲ್ಫ್ ಆಟಗಾರರು 1744ರಲ್ಲಿ 13 ನಿಯಮಗಳಿಂದ ತೃಪ್ತರಾದರು. ನಾವು 27 ಬರೆದೆವು. ಚಿಣಿಯು ಜಾಲಿಯ ಪೊದೆಯಲ್ಲಿ ಸಿಕ್ಕರೆ ಏನು, ಎಮ್ಮೆ ಅಡ್ಡ ಬಂದರೆ ಏನು, ಅಳೆಯುವಾಗ ಕೋಲನ್ನು ಹೇಗೆ ಮಲಗಿಸಬೇಕು, ಎಲ್ಲಕ್ಕೂ ವಿಧಿಯಿದ್ದಿತು. ಚಿಣಿಯನ್ನೆಬ್ಬಿಸಿ ಮೂರು ಸಲ ಹೊಡೆತ ತಪ್ಪಿದವನು ಔಟು, ಇದಕ್ಕೆ ಅಪವಾದವಿಲ್ಲವೆಂಬುದು ಹನ್ನೊಂದನೆಯದು.

ಮುಂಡರಗಿಯ ಮಿತ್ರರು ಬಾಲ್ಯದಲ್ಲಿ ನಮ್ಮೆಲ್ಲರಿಗಿಂತ ಗಟ್ಟಿ ಆಟಗಾರರು. ಮಳೆಗಾಲ ಕಳೆದ ಮೇಲೆ ಅವರ ಹೊಡೆತಗಳು ಒಂದೇ ಸಮನೆ ತಪ್ಪತೊಡಗಿದವು. ನಾವು ಪುಸ್ತಕವನ್ನು ತೆರೆದು ಹನ್ನೊಂದನೆಯ ನಿಯಮವನ್ನೋದಿ ಔಟು ಕೊಟ್ಟೆವು. ಮೂರು ರವಿವಾರವೂ ಇದೇ ಆಯಿತು. "ಮಾಸ್ತರು ಫೇಲು ಮಾಡಿದರು" ಎಂದು ಯಾರೋ ನಕ್ಕರು, ನಾವೂ ನಕ್ಕೆವು. ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಫೋನಿನಲ್ಲಿ ಹೊಲದ ಕೆಲಸವೆಂದರು.

ಮನಸ್ಸು ತಡೆಯದೆ ನಾವೇ ಮುಂಡರಗಿಗೆ ಹೋದೆವು. ಒಳಗಿನಿಂದ ಚಹಾ ಬಂದಿತು. ಕಪ್ಪನ್ನು ಹುಡುಕುತ್ತ ಅವರ ಕೈ ಒಂದು ಗೇಣು ಆಚೆ ಹೋಯಿತು. ಎರಡೂ ಕಣ್ಣಿಗೆ ಪೊರೆ ಬಂದಿದ್ದಿತು!

"ಚಿಣಿ ನೆಲ ಬಿಟ್ಟದ್ದಷ್ಟ ಕಾಣತೈತ್ರಿ, ಆಮ್ಯಾಲೆ ಎಲ್ಲಿ ಹೋತೋ ತಿಳಿಯೂದಿಲ್ಲ" ಎಂದರು.

ಮೊದಲೇ ಹೇಳಬಾರದಿತ್ತೆ ಎಂದೆವು.

"ನಿಮ್ಮ ಪುಸ್ತಕದಾಗ ಕಣ್ಣಿಗೆ ನಿಯಮ ಇರಲಿಲ್ಲಲ್ರಿ, ಮಾಸ್ತರ."

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಚಹಾ ಆರಿಹೋಯಿತು.

ಗೋಲ್ಫಿನಲ್ಲಿ 'ಹ್ಯಾಂಡಿಕ್ಯಾಪ್' ಎಂಬುದೊಂದು ಪದ್ಧತಿಯುಂಟು. ಆಟದಲ್ಲಿ ಹಿಂದುಳಿದವನಿಗೆ ಲೆಕ್ಕದಲ್ಲಿ ಕೆಲವು ಹೊಡೆತಗಳನ್ನು ಬಿಟ್ಟುಕೊಡುವರು. ಇದರಿಂದ ನಿಪುಣನೂ ಹೊಸಬನೂ ಸರಿಸಮವಾಗಿ ಆಡಬಲ್ಲರು. 1876ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಗೋಲ್ಫ್ ಕ್ಲಬ್ಬನ್ನು ನಾವು ಬೇಲಿಯ ಹೊರಗಿನಿಂದ ಮಾತ್ರ ಕಂಡಿರುವೆವು. ಆದರೂ ಅವರ ಪದ್ಧತಿಯನ್ನು ಎರವು ತಂದೆವು. ಬಸ್ಸಿನಲ್ಲಿಯೇ ಕುಳಿತು 27ರಲ್ಲಿ 20 ನಿಯಮಗಳನ್ನು ಹೊಡೆದುಹಾಕಿದೆವು. ಹನ್ನೊಂದನೆಯದನ್ನು ಹೀಗೆ ತಿದ್ದಿದೆವು: ಯಾರಾದರೂ ಕಾರಣ ಹೇಳದೆ ಇನ್ನೆರಡು ಅವಕಾಶಗಳನ್ನು ಕೇಳಬಹುದು, ಕಾರಣವನ್ನು ಯಾರೂ ಕೇಳಕೂಡದು. ಬೇಕೆಂದವರು ನೆಲದ ಮೇಲಿರುವ ಚಿಣಿಯನ್ನೇ ಹೊಡೆಯಬಹುದು. ಚಿಣಿಗೆ ಸುಣ್ಣ ಬಳಿಯತಕ್ಕದ್ದು. ಕಾಯುವವರು 20 ಹೆಜ್ಜೆ ದೂರ ನಿಲ್ಲತಕ್ಕದ್ದು. ಈ ಆಟದಲ್ಲಿ ಕಣ್ಣು ಕಳೆದುಕೊಂಡ ಹುಡುಗರಿರುವುದರಿಂದ ಇದೊಂದರಲ್ಲಿ ಮಾತ್ರ ಸಡಿಲಿಕೆಯಿಲ್ಲ. ಸೋತ ಪಕ್ಷದವರು ಗಿರಮಿಟ್ಟು-ಮಿರ್ಚಿ ಕೊಡಿಸಬೇಕೆಂಬ ನಿಯಮವನ್ನು ತೆಗೆಯಲು ಯಾರೂ ಒಪ್ಪಲಿಲ್ಲ.

ಮಿತ್ರರು ಒಂದು ಕಣ್ಣಿನ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಂಡರು. ಧೂಳಿಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ಕೆಲವು ವಾರ ಮನೆಯಲ್ಲಿಯೇ ಉಳಿದರು. ಅನಂತರ ಕಪ್ಪು ಕನ್ನಡಕ ಧರಿಸಿ ಬೇವಿನ ಮರದಡಿ ಪಂಚರಾಗಿ ಕುಳಿತರು. ಕಳೆದ ರವಿವಾರ ಕೋಲು ಹಿಡಿದರು. ಮೊದಲನೆಯದು ತಪ್ಪಿತು, ಎರಡನೆಯದನ್ನು ಅಳೆದಾಗ 41 ಕೋಲು!

ನಮ್ಮ ಸರದಿ ಬಂದಿತು. ಒಂದು, ಎರಡು, ಮೂರು, ಎಲ್ಲವೂ ತಪ್ಪಿದವು. ಇನ್ನೆರಡು ಅವಕಾಶ ಬೇಕೆಂದು ಮೆಲ್ಲನೆ ಕೇಳಿದೆವು. ಮಿತ್ರರು ಕನ್ನಡಕವನ್ನು ಮೇಲೇರಿಸಿ, "ಮೊದಲ ಪುಸ್ತಕ ತಗೀರಿ, ಮಾಸ್ತರ" ಎಂದರು.